ಅಡ್ಜಸ್ಟ್ ಅನ್ನುವ ಮಾತು

ಮಂಗಳವಾರ, ಮಧ್ಯಾಹ್ನ

ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ನೀನು ಮನೆ ಬಿಟ್ಟು ಹೋದಾಗಿನಿಂದ ನಿನ್ನನ್ನು ಕರೆಸು ಎಂದು ನನ್ನ ಮಗ ದಿನವೂ ತಲೆ ತಿನ್ನುತ್ತಿದ್ದಾನೆ. ಇವತ್ತು ಕಾಗದ, ಪೆನ್ನು ತಾನೇ ತಂದು ಮುಂದಿಟ್ಟ. ಏನು ಬರೆಯಲಿ ಎಂದು ಕೇಳಿದೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು ಅಂತ ಬರಿಯಮ್ಮ. ನೀನು ಹೇಳಿದ್ರೆ ಕೇಳ್ತಾಳೆ," ಎಂದು ಹೇಳಿ ಹೊರಗೆ ಹೋದ.

ಹೌದು, ನನ್ನ ಮಾತನ್ನು ನೀನು ಎಂದೂ ತೆಗೆದುಹಾಕಿದವಳಲ್ಲ. ಅದಕ್ಕೇ ಯೋಚಿಸಿ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷ್ ಎಲ್ಲ ಮರೆತುಹೋಯಿತು, ಈ ಒಂದು ಪದ ಮಾತ್ರ ಮನೆಮಂದಿಯಂತೆ ಉಳಿದುಕೊಂಡಿತು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು ಬಂದು ಅಡ್ಜಸ್ಟ್ ಮಾಡಿ ಎಂದರೆ, ಸರಿದು ಕೂರಿ ಎಂದರ್ಥ. ನಲ್ಲಿ ಕೆಟ್ಟಾಗ ಮನೆ ಮಾಲೀಕ ಹಾಗೆಂದರೆ, ಇನ್ನು ಕೇಳಬೇಡಿ ಎಂದರ್ಥ. ನಿನ್ನ ಮಾವ ತಡವಾಗಿ ಬಂದು ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿ, ಕೆಟ್ಟಿತ್ತು, ಅಡ್ಜಸ್ಟ್ ಮಾಡಿದೆ ಎನ್ನುತ್ತಿದ್ದರು.

ನಮ್ಮ ಹೊಲಿಗೆ ಅಂಗಡಿಯಲ್ಲಿ ಮಾತ್ರ ಈ ಪದಕ್ಕೊಂದು ಮರ್ಯಾದೆ ಇದೆ. ಆ ದಪ್ಪ ಗುಮಾಸ್ತರು ವರ್ಷಕ್ಕೊಮ್ಮೆ ಪ್ಯಾಂಟು ತಂದು, ಊಟ ಬಿಡೋಕಾಗಲ್ಲ, ಪ್ಯಾಂಟೇ ಅಡ್ಜಸ್ಟ್ ಆಗಲಿ ಎನ್ನುತ್ತಾರೆ. ಹೊಲಿಯುವಾಗಲೇ ಒಳಗೆ ಬಟ್ಟೆ ಬಿಟ್ಟಿರುತ್ತೇವಾದ್ದರಿಂದ ಸೊಂಟ ಬಿಚ್ಚಿ ಸಡಿಲ ಮಾಡಿಕೊಡುತ್ತೇವೆ. ಹೋದ ವಾರ ಬಿಚ್ಚಿ ನೋಡಿದರೆ ಒಳಗೆ ಏನೂ ಉಳಿದಿರಲಿಲ್ಲ. ಇನ್ನು ಎಳೆದರೆ ಹರಿದುಹೋಗುತ್ತದೆ ಎಂದು ವಾಪಸು ಕೊಟ್ಟುಬಿಟ್ಟೆ.

ನಿನ್ನ ಬಳಿಯೂ ಏನೂ ಉಳಿದಿಲ್ಲ. ವಾಪಸು ಬರಬೇಡ. ಅವನು ಬದಲಾಗಿದ್ದಾನೆ ಎಂದು ಯಾರು ಹೇಳಿದರೂ ನಂಬಬೇಡ. ನಾನೇ ಹೇಳಿ ಕಳಿಸಿದೆ ಎಂದರೂ ನಂಬಬೇಡ. ಕೆಲಸ ಬಿಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನನಗಾಗಿ ಮನಸ್ಸು ಕರಗಿಸಿಕೊಳ್ಳುವುದೂ ಬೇಡ. ನನ್ನನ್ನು ನೋಡಿಕೊಳ್ಳಲು ನನಗೆ ಬರುತ್ತದೆ.

ನಿನ್ನ ವಿಳಾಸ ಕೊಡು ಎಂದು ಮೊನ್ನೆ ರಂಪ ಮಾಡಿದ. ಬಾಯಿ ಬಿಡಲಿಲ್ಲ, ಬಿಡುವುದೂ ಇಲ್ಲ. ಈ ಕಾಗದವನ್ನು ಅಂಚೆ ಡಬ್ಬಿಗೆ ನಾನೇ ಹಾಕಿ ಬರುತ್ತೇನೆ. ನೀನು ಉತ್ತರ ಬರೆಯಬೇಡ.

ಇತಿ,
ನಿನ್ನ ಅತ್ತೆ

ತಾ.ಕ.: ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆದದ್ದು. ಬಲಗೈಗೆ ಮೊನ್ನೆಯಿಂದ ಕಟ್ಟು ಹಾಕಿದೆ. ಡಾಕ್ಟರು ಕೇಳಿದ್ದಕ್ಕೆ ಬಾಗಿಲು ತಗುಲಿತು ಎಂದೆ. ನೀನು ಇಲ್ಲಿದ್ದಾಗ ಹೇಳುತ್ತಿದ್ದೆಯಲ್ಲ, ಅದೇ ಬಾಗಿಲು.