ಹಂಡೆ ಮೊರೆದ ಮೇಲೂ

ಅಲ್ ಕುಸೈಸ್, ದುಬೈ
20 ಏಪ್ರಿಲ್ 2025

ಸಿಟ್ಟಿನಲ್ಲಿರುವ ನನ್ನ ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಓದುವಾಗ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ!

ಆಫೀಸಿನ ಟ್ರೇನಿಂಗ್‌ಗೆ ಜಪಾನಿಗೆ ಹೋಗುತ್ತೇನೆ ಎಂದಿದ್ದೆ. ಸುಳ್ಳು. ರಜೆ ಹಾಕಿ ಒಬ್ಬಳೇ ತಿರುಗಾಡಲು ಹೋಗಿದ್ದೆ. ತಿಲಕ್ ಜೊತೆ ಅಬುಧಾಬಿಯಲ್ಲಿ ಸಂಸಾರ ಮಾಡಿದಷ್ಟು ದಿನ ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ ಬೀಗದೊಳಗಿತ್ತು. ಈಗ ನನ್ನ ಕೈಯಲ್ಲಿದೆ. ಬಳಸಿದೆ, ಅಷ್ಟೆ.

ಹೋದದ್ದು ಒಕಾಯಾಮಾಕ್ಕೆ. ಪೀಚ್ ಹಣ್ಣಿನಿಂದ ಹುಟ್ಟಿ ರಾಕ್ಷಸರನ್ನು ಗೆದ್ದ ಮೊಮೊತಾರೋ ಎಂಬ ಹುಡುಗನ ಕಥೆ ಅಲ್ಲಿಯ ಮಕ್ಕಳಿಗೆಲ್ಲ ಬಾಯಿಪಾಠ. ಅದರ ಮೂಲ ಆ ಊರಿನ ಹಳೆಯ ಐತಿಹ್ಯವಂತೆ. ರಾಕ್ಷಸನದೆನ್ನುವ ಕಲ್ಲುಕೋಟೆಯನ್ನು ಏದುಸಿರು ಬಿಡುತ್ತಾ ಹತ್ತಿದೆ. ಆಮೇಲೆ ಕಿಬಿತ್ಸು ದೇಗುಲ. ಕೊಂದ ರಾಕ್ಷಸನ ತಲೆಯನ್ನು ಅಲ್ಲಿಯ ಒಲೆಯಡಿ ಹೂತರೂ ಅದು ವರ್ಷಗಟ್ಟಲೆ ಗೋಳಿಟ್ಟಿತಂತೆ. ಕೊನೆಗೆ ಅವನು ಕನಸಿನಲ್ಲಿ ಬಂದು, ನನ್ನ ಹೆಂಡತಿಯೇ ಈ ಒಲೆ ಉರಿಸಲಿ, ಜನರಿಗೆ ಒಳಿತು ಕೆಡುಕು ತಿಳಿಸುತ್ತೇನೆ ಎಂದನಂತೆ. ಸತ್ತ ಮೇಲೂ ಹೆಂಡತಿಯೇ ಒಲೆ ಮುಂದೆ ಕೂರಬೇಕು! ತಿಲಕ್ ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ಆದರೂ ಕೈಮುಗಿದೆ. ಕೊಲೆಯಾದವನು ದೈವವಾಗುವುದು ತುಳುನಾಡಿನವಳಿಗೆ ಹೊಸತೇ?

ಅಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಬೇಕು. ಒಬ್ಬ ಹೆಂಗಸು ಆ ಒಲೆಯ ಮೇಲಿನ ಹಂಡೆಯ ಹಬೆಯಲ್ಲಿ ಅಕ್ಕಿಯ ಪಾತ್ರೆ ಅಲುಗಿಸುತ್ತಾಳೆ. ಹಂಡೆ ಗಟ್ಟಿಯಾಗಿ ಮೊರೆದರೆ ಶುಭ. ನನಗೆ ಮೊರೆಯಿತು ಅಮ್ಮಾ, ಎದೆ ನಡುಗುವಷ್ಟು. ಅರ್ಥವೇನೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಕೇಳಿದವರೇ ತಿಳಿದುಕೊಳ್ಳಬೇಕು.

ನೀನೇನು ಮಾಡಿದೆ? ನಮ್ಮ ಕುಟುಂಬದ ದೈವದ ನೇಮೋತ್ಸವದಲ್ಲಿ, ಮಗಳು ಗಂಡನನ್ನು ಬಿಟ್ಟು ಬೇರೆ ಕೂತಿದ್ದಾಳೆ ಎಂದು ದೈವದ ಮುಂದೆ ಅರಿಕೆ ಮಾಡಿದೆ. ಬೀಗದ ವಿಷಯ ಎತ್ತಲಿಲ್ಲ. ಗಂಡನ ಮನೆ ಸೇರಲಿ ಎಂದು ದೈವದ ನುಡಿಯಾಯಿತು. ಅಂದಿನಿಂದ, ಕೆಲಸ ಬಿಟ್ಟು ಅಬುಧಾಬಿಗೆ ಹೋಗು ಎಂದು ದುಂಬಾಲು ಬಿದ್ದಿದ್ದೀ. ಅರ್ಧ ವಿಷಯ ಕೇಳಿದ ದೈವ ಅರ್ಧಕ್ಕೆ ತಕ್ಕ ಮಾತು ಹೇಳಿತು. ಅದರಲ್ಲಿ ದೈವದ ತಪ್ಪೇನಿದೆ? ತಪ್ಪು ನಿನ್ನದು. ನಾನು ಹೋಗುವುದಿಲ್ಲ. ಮುಂದಿನ ನೇಮಕ್ಕೆ ನಾನೇ ಬಂದು, ಎದುರು ನಿಂತು, ಪೂರ್ತಿ ಹೇಳುತ್ತೇನೆ.

ಬೈಯುವುದಿದ್ದರೆ ಬರೆದು ಬೈ. ಸಿಟ್ಟಿಗೆ ಊಟ ಬಿಡಬೇಡ.

ನಿನ್ನಷ್ಟೇ ಹಟಮಾರಿಯಾದ ಮಗಳು,
ಯಶ್ಮಿತಾ

ತಾ.ಕ.: ಹಂಡೆಗೆ ಏನು ಕೇಳಿದೆನೆಂದು ಬರೆಯಲೇ ಇಲ್ಲ. ಏನನ್ನೂ ಮುಚ್ಚಿಡದೆ ಎಲ್ಲ ಹೇಳಿ, ತಿಲಕ್ ಬಳಿಗೆ ಮರಳಿದರೆ ಒಳ್ಳೆಯದಾಗುತ್ತದೆಯೇ ಎಂದೇ ಕೇಳಿದ್ದೆ. ಅದು ಹಾಗೆ ಮೊರೆದ ಮೇಲೂ ಹೇಳುತ್ತಿದ್ದೇನೆ, ಹೋಗುವುದಿಲ್ಲ.