ಪಕ್ಕದ ಕೋಣೆಯ ಕರುಣೆ

ಭಾನುವಾರ, ಜೂನ್ ೮

ಪ್ರಾಧ್ಯಾಪಕರಿಗೆ,

ಮೂರು ವರ್ಷದ ಹಿಂದಿನವರೆಗೂ ನಿಮ್ಮನ್ನು ‘ರೀ’ ಎಂದು ಕರೆಯುತ್ತಿದ್ದವಳ ನಮಸ್ಕಾರ. ನೀವು ಬರೆದ ಪುಸ್ತಕ ತಲುಪಿತು. ಒಳಗಿಟ್ಟ ಚೀಟಿಯೂ ಸಿಕ್ಕಿತು: ‘ದೇವರನ್ನು ನಂಬದವಳಾದರೂ ನಿನ್ನನ್ನು ಕ್ಷಮಿಸಿದ್ದೇನೆ, ಮನೆಗೆ ಬಾ.’ ಮನೆ ಬಿಟ್ಟವಳು ನಾನು, ನಿಜ. ಕ್ಷಮಿಸುವ ಅಧಿಕಾರ ನಿಮಗೆ ಯಾರು ಕೊಟ್ಟರೋ ತಿಳಿಯದು.

ನಾನೀಗ ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋದಾಗಲೆಲ್ಲ ಓದಿದೆ. ನೀತಿ ಹುಟ್ಟುವುದೇ ನಂಬಿಕೆಯಿಂದ, ನಂಬದವರ ಒಳ್ಳೆಯತನವೆಲ್ಲ ನಂಬಿದವರಿಂದ ತಂದ ಎರವಲು ಎಂದಿದ್ದೀರಿ. ನಾಲ್ಕನೆಯ ಅಧ್ಯಾಯ ‘ಕರುಣೆಯ ಮೂಲ’ ಓದಿ ನಗು ಬಂತು. ಅದನ್ನು ನೀವು ಬರೆದ ದಿನಗಳು ನನಗೆ ಚೆನ್ನಾಗಿ ನೆನಪಿವೆ.

ಪಾರ್ಶ್ವವಾಯು ಬಡಿದು ನಿಮ್ಮ ಅಮ್ಮ ಹಾಸಿಗೆ ಹಿಡಿದದ್ದು ಹನ್ನೊಂದು ತಿಂಗಳು. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ನೀವು ಪಕ್ಕದ ಕೋಣೆಯಲ್ಲಿ, ವಾಸನೆ ಬರುತ್ತದೆಂದು ಬಾಗಿಲ ಸಂದಿಗೆ ಟವೆಲ್ ತುರುಕಿ, ಕರುಣೆಯ ಬಗ್ಗೆ ಬರೆಯುತ್ತಿದ್ದಿರಿ. ಒಂದು ದಿನ ಅತ್ತೆ ಹಾಸಿಗೆಯಿಂದ ಜಾರಿದರು. ಒಬ್ಬಳಿಗೇ ಎತ್ತಲಾಗದೆ ಬಾಗಿಲು ತಟ್ಟಿದೆ. ‘ಒಂದು ವಾಕ್ಯ ಮುಗಿಸ್ಬಿಟ್ಟು ಬರ್ತೀನಿ, ಇರು’ ಎಂದಿರಿ. ಆ ವಾಕ್ಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅದು ಯಾವುದಿರಬಹುದೆಂದು ಪುಸ್ತಕದಲ್ಲಿ ಹುಡುಕಿದೆ. ಎಲ್ಲವೂ ಒಂದೇ ಥರ ಇವೆ.

ಅಷ್ಟು ಹೊತ್ತೂ ಅತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟು ನೆಲದಲ್ಲೇ ಮಲಗಿದ್ದರು. ಸೊಟ್ಟಗಾದ ಬಾಯಲ್ಲೇ ಕೇಳಿದರು: ‘ನೀನು ದೇವ್ರನ್ನ ನಂಬಲ್ಲ, ಪುಣ್ಯ ಬೇಡ ನಿಂಗೆ. ಮತ್ಯಾಕಮ್ಮ ಮಾಡ್ತೀಯ ಇದನ್ನೆಲ್ಲ?’

‘ನಿಮ್ಮ ಬಟ್ಟೆ ಒದ್ದೆಯಾಗಿದೆಯಲ್ಲ ಅತ್ತೆ’ ಎಂದೆ. ಬೇರೆ ಉತ್ತರ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಮುನ್ನೂರು ಪುಟ ಬರೆದ ನಿಮಗೂ ಗೊತ್ತಿಲ್ಲ. ಗೊತ್ತಿಲ್ಲವೆನ್ನಲು ನಿಮಗೆ ನಾಚಿಕೆ, ಅಷ್ಟೆ.

ಅವರು ತೀರಿಕೊಂಡಾಗ ಬಂದವರೆದುರು ‘ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡದ್ದು ನನ್ನ ನಂಬಿಕೆ’ ಎಂದು ಕಣ್ಣೊರೆಸಿಕೊಂಡಿರಿ. ಆ ವಾರವೇ ನಾನು ಹೊರಟೆ. ಇನ್ನು ಬರುವುದಿಲ್ಲ. ಪುಸ್ತಕ ಹಿಂದಿರುಗಿಸುತ್ತಿದ್ದೇನೆ, ಬಾಗಿಲ ಸಂದಿಗೆ ಬೇಕಾದೀತು.

ಇಂತಿ,
ನಿಮ್ಮ ಅಮ್ಮನ ಸೊಸೆ

ಬರೆಯಬಾರದೆಂದಿದ್ದೆ, ಆದರೂ: ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಮೂರನೆಯ ಸಲ ತುತ್ತು ಉಗಿದರೆಂದು ಅತ್ತೆಯ ಕೆನ್ನೆಗೆ ಹೊಡೆದೆ. ಸಂಜೆ ನೀವು ಬಂದು, ಕೆನ್ನೆ ಯಾಕೆ ಕೆಂಪಗಿದೆ ಎಂದು ಕೇಳಿದಿರಿ. ‘ಸೆಕೆ ಕಣಪ್ಪ’ ಎಂದರು ಅತ್ತೆ. ಮಾರನೆಯ ದಿನ ನನ್ನ ಆ ಕೈಯಿಂದಲೇ ಉಂಡರು.