ಬೇವು ಸವರಿದ ಯೂರಿಯಾ

ಬ್ಯಾಡಗಿ
ಮಂಗಳವಾರ, 11 ಫೆಬ್ರವರಿ 2025

ಪ್ರೀತಿಯ ತಮ್ಮ ಶಾನವಾಜನಿಗೆ ಅಣ್ಣ ಫಕ್ರುದ್ದೀನನ ಸಲಾಮು.

ಆರೋಗ್ಯ ಹೇಗಿದೆ? ಮಂಗಳೂರಿನ ಸೆಕೆಗೆ ಬೆನ್ನ ತುಂಬ ಬೆವರುಸಾಲೆ ಎದ್ದಿರಬೇಕು, ಚಿಕ್ಕವನಿದ್ದಾಗಲೂ ನಿನಗೆ ಹಾಗೇ ಆಗುತ್ತಿತ್ತು. ಅಲ್ಲಿಯ ಕುಚ್ಚಲಕ್ಕಿ ಅನ್ನ ಹೊಂದಿತೋ, ರೊಟ್ಟಿ ರೊಟ್ಟಿ ಎಂದು ಗೋಳಾಡುತ್ತಿದ್ದೀಯೋ? ಏಳು ತಿಂಗಳಿಂದ ನನ್ನ ಫೋನು ಎತ್ತಿಲ್ಲ ನೀನು. ಹಟಮಾರಿ! ಅದಕ್ಕೇ ನಿನ್ನ ಗೆಳೆಯ ರಫೀಕನ ಕೈಕಾಲು ಹಿಡಿದು ವಿಳಾಸ ಇಸಿದುಕೊಂಡು ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ಮೆಣಸಿನಕಾಯಿ ಸುಗ್ಗಿ. ನಿನ್ನೆ ಸೋಮವಾರದ ಮಾರುಕಟ್ಟೆಗೆ ಕಾಲಿಡಲು ಜಾಗವಿರಲಿಲ್ಲ, ಘಾಟಿಗೆ ಊರೆಲ್ಲ ಸೀನುತ್ತಿದೆ. ಲಾರಿಯನ್ನು ನಾನೊಬ್ಬನೇ ಹೊಡೆಯುತ್ತೇನೆ. ಇನ್ನೊಬ್ಬ ಡ್ರೈವರನನ್ನು ಇಟ್ಟುಕೋ ಎಂದು ಎಲ್ಲರೂ ಹೇಳುತ್ತಾರೆ; ನಿನ್ನ ಸೀಟಿನಲ್ಲಿ ಬೇರೆಯವನನ್ನು ಕೂರಿಸಲು ಮನಸ್ಸು ಬರುವುದಿಲ್ಲ. ಹಾದಿಯುದ್ದಕ್ಕೂ ಬೈಯಲು ಒಂದು ಪ್ರಾಣಿಯೂ ಇಲ್ಲ. ನಿನ್ನ ಅತ್ತಿಗೆ ಜೈತೂನಬಿ ನೀನು ಹೋದಾಗಿನಿಂದ ತಾಟು ಮುಂದಿಟ್ಟು ಸುಮ್ಮನೆ ಒಳಗೆ ಹೋಗುತ್ತಾಳೆ. ಮನೆಯಲ್ಲಿದ್ದೂ ನಾನು ಒಂಟಿ, ತಮ್ಮಾ.

ಜುಲೈಯಲ್ಲಿ ಆದದ್ದನ್ನು ಬರೆಯಲೇಬೇಕು. ಕೋಲ್ಡ್ ಸ್ಟೋರೇಜಿನ ಮಾಲು ಹೇರಿಕೊಂಡು ನೀನು ರಾಣೆಬೆನ್ನೂರು ಮುಟ್ಟುವುದರೊಳಗೆ ಹೊಸ ಲಾರಿ ಎತ್ತಿನ ಗಾಡಿಯಂತೆ ತೆವಳತೊಡಗಿತು. ಹೊಗೆಯ ವಿಷ ಕಳೆಯಲು ಬೇರೆ ಟ್ಯಾಂಕಿಗೆ ಹಾಕುತ್ತೇವಲ್ಲ ಯೂರಿಯಾ ನೀರು, ಅದನ್ನು ಚಿಮುಕಿಸುವ ಜೆಟ್ಟು ಕಟ್ಟಿ ಇಂಜಿನು ತಾನೇ ಜೋರು ಇಳಿಸಿತ್ತು. ನೀನು ತಿರುಗಿ ಬಂದ ದಿನ ಲಾರಿ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು, "ಯೂರಿಯಾ ನೀರಿನ ಡಬ್ಬಿ ಮಾರ್ಕೊಂಡು ಬೋರಿನ ನೀರು ಹಾಕೀದಿ, ಕಳ್ಳಾ!" ಎಂದು ನಾನು ನಿನ್ನ ಕೆನ್ನೆಗೆ ಹೊಡೆದೆ. "ಇಲ್ಲ ಭಾಯಿ, ಖರೇನ ಇಲ್ಲ" ಅಂದೆ ನೀನು. ಅವತ್ತೇ ಸಂಜೆಯ ಬಸ್ಸು ಹತ್ತಿದೆ.

ಮೊನ್ನೆ ರಾಣೆಬೆನ್ನೂರಿನ ಮಿಸ್ತ್ರಿ ವಿಜಯಮಹಾಂತೇಶ, ಅವತ್ತು ಬಿಚ್ಚಿಟ್ಟಿದ್ದ ಹಳೆಯ ಜೆಟ್ಟನ್ನು ನನ್ನ ಕೈಗಿತ್ತು ಹೇಳಿದ: "ಹೊಗಿಯೊಳಗ ನೈಟ್ರೋಜನ್ ಆಕ್ಸೈಡ್ ಅಂತ ವಿಷದ ಗಾಳಿ ಇರತೈತ್ರಿ. ಯೂರಿಯಾ ನೀರು ಬಿಸಿ ಸೈಲೆನ್ಸರಿನ್ಯಾಗ ಅಮೋನಿಯಾ ಆಗಿ ಆ ವಿಷಾನ ಸಾದಾ ಗಾಳಿ, ಉಗಿ ಮಾಡಿ ಬಿಡತೈತಿ. ಆದರ ಹೊಲದ ಯೂರಿಯಾಕ್ಕ ಬೇವಿನೆಣ್ಣಿ ಸವರಿರ್ತಾರ್ರಿ. ಅದನ್ನ ಕಲಸಿ ಹಾಕಿದ್ರ ಜೆಟ್ಟು ಕಟ್ಟಲಾರದ ಏನ್ ಮಾಡೀತು? ಯಾವ ಶ್ಯಾಣ್ಯಾ ಹಾಕ್ಯಾನ್ರಿ ಇದನ್ನ?"

ಆ ಶ್ಯಾಣ್ಯಾ ನಾನೇ. ಡಬ್ಬಿ ಬರಿದಾಗಿತ್ತು, ಗೋವಿನಜೋಳಕ್ಕೆಂದು ತಂದ ಗೊಬ್ಬರದ ಚೀಲ ಪಡಸಾಲೆಯಲ್ಲಿತ್ತು. ಯೂರಿಯಾ ಅಂದರೆ ಯೂರಿಯಾ, ಅದರಲ್ಲೇನು ಎಂದುಕೊಂಡು ಬಕೆಟ್ಟಿನಲ್ಲಿ ಕಲಸಿ, ನೀನು ಜಳಕಕ್ಕೆ ಹೋದಾಗ ಟ್ಯಾಂಕಿಗೆ ಸುರಿದೆ. ಇದೇ ಜೆಟ್ಟು ಕಟ್ಟಿತೆಂದು ಮೊನ್ನೆ ತಿಳಿಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನೀನು ಉಂಡೆ. ಮಾಫ್ ಮಾಡು, ಮನೆಗೆ ಬಾ.

ಹಾದಿಯಲ್ಲಿ ಅಲ್ಲಾ ನಿನ್ನ ಕಣ್ಣು ಕೈಗಳನ್ನು ಕಾಯಲಿ. ಅತ್ತಿಗೆಯ ದುವಾ ಯಾವಾಗಲೂ ನಿನ್ನ ಮೇಲಿದೆ.

ನಿನ್ನ ಅಣ್ಣ
ಫಕ್ರುದ್ದೀನ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೊನ್ನೆ ತಿಳಿಯಿತು ಎಂದು ಬರೆದದ್ದು ಸುಳ್ಳು. ಅವತ್ತು ನೀನು ರಾಣೆಬೆನ್ನೂರಿನಿಂದ ಫೋನು ಮಾಡಿ "ಜೆಟ್ಟು ಕಟ್ಟೈತಿ ಭಾಯಿ" ಅಂದಾಗಲೇ ನನಗೆ ಆ ಬಕೆಟ್ಟು ನೆನಪಾಗಿತ್ತು. ಗೊತ್ತಿದ್ದೇ ಹೊಡೆದೆ ತಮ್ಮಾ, ನಾಲ್ಕು ಜನ ನನ್ನನ್ನು ನೋಡಿ ನಗಬಾರದೆಂದು. ಗುರುವಾರ ಮಾರುಕಟ್ಟೆಯ ದಿನ ಅದೇ ಸ್ಟ್ಯಾಂಡಿನಲ್ಲಿ, ಅದೇ ಜನರೆದುರು ಇದನ್ನು ಹೇಳುತ್ತೇನೆ. ನೀನು ಬಾರದಿದ್ದರೂ ಹೇಳುತ್ತೇನೆ.